ಕೆಳಗಿನಿಂದ ಕರೆದ ಹೆಸರು

ಐವತ್ತೆರಡು ಎಂದು ಹೇಳಿ ಮುಗಿಸಿದ ಮೇಲೆ ಗಾಸ್ಪರನಿಗೆ ತಾನು ಏನನ್ನು ಎಣಿಸುತ್ತಿದ್ದೆ ಎಂಬುದೇ ಮರೆತುಹೋಯಿತು. ಮೆಟ್ಟಿಲುಗಳೇ ಇರಬೇಕು. ಎದುರಿಗೆ ಹದಿಮೂರು ಜನ ಪ್ರವಾಸಿಗರು ಟೋಪಿ ಹಾಕಿಕೊಂಡು ಗೋಪುರವನ್ನು ನೋಡುತ್ತಿದ್ದರು. ಗೋಪುರ ಯಾರನ್ನೂ ನೋಡುತ್ತಿರಲಿಲ್ಲ.

ಹನ್ನೊಂದು ವರ್ಷದಿಂದ ಅವನು ಇದೇ ಕಲ್ಲುರಾಶಿಯ ಮುಂದೆ, ಇದೇ ಮರದ ನೆರಳಿನಲ್ಲಿ ನಿಂತು ತನ್ನ ಪೂರ್ವಜರ ವಿಷಯ ಹೇಳುತ್ತ ಬಂದಿದ್ದ. 'ಮಾಯಾ ಜನ' ಎನ್ನುತ್ತಿದ್ದ. 'ಅವರು' ಎನ್ನುತ್ತಿದ್ದ. ಅವರು ನಕ್ಷತ್ರಗಳನ್ನು ಬಲ್ಲವರಾಗಿದ್ದರು, ಅವರು ಸೊನ್ನೆಯನ್ನು ಬಲ್ಲವರಾಗಿದ್ದರು, ಅವರು ಹೀಗೆ ನಂಬುತ್ತಿದ್ದರು. ಇವತ್ತು ಬೆಳಿಗ್ಗೆ ಅವನ ಹೆಂಡತಿ ಎಲ್ಸಿ ಮಾತಾಡಿದ್ದೂ ಅವರ ಹಾಗೆಯೇ. ಅದಕ್ಕೇ ಅವನಿಗೆ ಸಿಟ್ಟು ಬಂದಿತ್ತು.

"ಇವತ್ತು ಅಲ್ಲಿ ಅವಳನ್ನ ಕರಿ, ಗಾಸ್ಪರ್. ಒಂದ್ಸಲ."

"ಯಾರನ್ನ?"

"ಯಾರನ್ನ ಅಂದ್ರೆ? ನಿನ್ನ ಮಗಳನ್ನ."

ಮಗಳು ಅಲ್ಲೇ ಇದ್ದಳು, ಇಬ್ಬರ ನಡುವೆ, ಜೋಲಿಯಲ್ಲಿ. ನಾಲ್ಕು ವರ್ಷದ ಸಾಸಿಲ್. ಮೂರು ವಾರದ ಹಿಂದೆ, ಅವನ ರಜೆಯ ಸೋಮವಾರ, ತಾನು ದಿನವೂ ಜನರನ್ನು ಕರೆದೊಯ್ಯುವ ಕಾಡಿನ ಮಡುವಿಗೆ ಅವಳನ್ನು ಮೊದಲ ಸಲ ಕರೆದುಕೊಂಡು ಹೋಗಿ ನೀರಾಡಿಸಿ ತಂದಿದ್ದ. ಅವತ್ತಿನಿಂದ ಅವಳು ಮಾತಾಡಿರಲಿಲ್ಲ. ಜ್ವರವಿಲ್ಲ, ನೋವಿಲ್ಲ. ಬಾಯಿಗಿಟ್ಟರೆ ತಿನ್ನುತ್ತಿದ್ದಳು, ತೂಗಿದರೆ ತೂಗಿಸಿಕೊಳ್ಳುತ್ತಿದ್ದಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮೆರಿದಾ ಪಟ್ಟಣದ ಇಬ್ಬರು ಡಾಕ್ಟರರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟಿದ್ದರು. ಗಾಸ್ಪರನಿಗೆ ಭಯವಾಗಿತ್ತು. ರಾತ್ರಿಹಗಲು ಬೇರೆ ಏನೂ ತಲೆಗೆ ಹತ್ತದಷ್ಟು ಭಯ.

"ನೀರಿಂದ ಎತ್ಕೊಂಡು ಬರೋವಾಗ ಹೆಸರು ಕರೀಲಿಲ್ಲ ನೀನು," ಎಂದಳು ಎಲ್ಸಿ. "ಜೀವ ಅಲ್ಲೇ ಆಡ್ತಾ ಉಳೀತು. ಬರೀ ಮೈ ಹೊತ್ಕೊಂಡು ಬಂದೆ."

"ಅದೊಂದು ನಂಬಿಕೆ, ಎಲ್ಸಿ."

"ಗೊತ್ತು. ದಿನಾ ಅದನ್ನೇ ಹೇಳಿ ತಾನೆ ನೀನು ಹೊಟ್ಟೆ ಹೊರ್ಯೋದು?"

ಅವನು ಬೂಟಿನ ದಾರ ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ.

"ಇನ್ನೊಂದು ಹೇಳ್ತೀನಿ, ನಗಬೇಡ. ಮಧ್ಯಾಹ್ನ ಮೂರೂಕಾಲಿಗೆ ತಲೆ ಎತ್ತುತಾಳೆ. ಯಾರೋ ಕೂಗಿದ ಹಾಗೆ. ಆಮೇಲೆ ಮತ್ತೆ ಮಲಗ್ತಾಳೆ. ದಿನಾ ಹೀಗೇ. ಸೋಮವಾರ ಮಾತ್ರ ಇಲ್ಲ."

"ನೊಣ ಕೂತಿರತ್ತೆ."

"ಸೋಮವಾರ ನೊಣಕ್ಕೂ ರಜಾನಾ?"

ಅವನು ನಗಲಿಲ್ಲ. ವ್ಯಾನು ಹಾರ್ನ್ ಹೊಡೆದದ್ದು ಅವನ ಪುಣ್ಯ.

ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ಗಾಸ್ಪರ್ ಕಂಚೆಯದು ಅಷ್ಟು ಸುಲಭವಾದ ಪಾಪವಾಗಿರಲಿಲ್ಲ. ಮಗುವನ್ನು ನೀರಿನ ಜಾಗದಿಂದ ಎತ್ತಿಕೊಂಡು ಹೊರಡುವಾಗ ತಾಯಿಯೋ ತಂದೆಯೋ ಅದರ ಹೆಸರು ಹಿಡಿದು 'ಕೋತೆನ್', ಎಂದರೆ 'ಬಾ', ಎಂದು ಕರೆಯಬೇಕು, ಇಲ್ಲದಿದ್ದರೆ ಮಗುವಿನ ಜೀವ ಆಟದಲ್ಲಿ ಮೈಮರೆತು ಅಲ್ಲೇ ಉಳಿಯುತ್ತದೆ. ಇದನ್ನು ಅವನ ತಾಯಿ ಮಾಡಿದ್ದಳು, ಅಜ್ಜಿ ಮಾಡಿದ್ದಳು. ಅವನು ವಿಶ್ವವಿದ್ಯಾಲಯದಲ್ಲಿ ಅದರ ಮೇಲೆ ಹದಿನೆಂಟು ಪುಟ ಬರೆದಿದ್ದ. ಬರೆದ ಮೇಲೆ ಮಾಡುವುದು ಹೇಗೆ? ಆ ಸೋಮವಾರ ಮಗಳನ್ನು ಟವೆಲ್ಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಾಗ ಆ ಮಾತು ಬಾಯಿಯ ತನಕ ಬಂದಿತ್ತು. ಕೇಳುವವರು ಯಾರೂ ಇರಲಿಲ್ಲ. ಕೇಳುವವರಿಲ್ಲದಾಗ ಕರೆದರೆ ತಾನು ನಂಬಿದಂತಾಗುತ್ತಿತ್ತು. ನಾಚಿಕೆಯಾಗಿ ನುಂಗಿಕೊಂಡಿದ್ದ.

"ಈಗ ಎಲ್ಲರೂ ಚಪ್ಪಾಳೆ ತಟ್ಟಿ," ಎಂದ. ಹದಿಮೂರು ಜನ ತಟ್ಟಿದರು. ಗೋಪುರದ ಮೆಟ್ಟಿಲುಗಳು ಆ ಸದ್ದನ್ನು ಹಿಡಿದು, ತಿರುಚಿ, ಹಕ್ಕಿಯ ಕೂಗಿನಂತೆ ಹಿಂದಕ್ಕೆ ಎಸೆದವು. ಎಲ್ಲರಿಗೂ ಖುಷಿಯಾಯಿತು. ಕಲ್ಲಿಗೂ ಗಿಣಿಪಾಠ ಬಂದಿದೆ ಎಂದುಕೊಂಡ ಗಾಸ್ಪರ್.

ಊಟದ ಹೊತ್ತಿನಲ್ಲಿ ಸೆನ್ಯೋರಾ ಅಂಪಾರೊ ಅವನ ಪಕ್ಕ ಬಂದು ಕುಳಿತರು. ಮೆಕ್ಸಿಕೊ ನಗರದಲ್ಲಿ ಮೂವತ್ತು ವರ್ಷ ಶಿಶುವಿಹಾರದ ಟೀಚರಾಗಿದ್ದು ನಿವೃತ್ತರಾದವರು. ಗುಂಪಿಗೆಲ್ಲ ಆಗಲೇ ತಾಯಿಯಾಗಿಬಿಟ್ಟಿದ್ದರು.

"ನಿಮಗೆ ಮಕ್ಕಳಿದಾರಾ?"

"ಹಂದಿಮಾಂಸ ಖಾರ ಆಯ್ತಾ ನಿಮಗೆ?"

"ಆಯ್ತು. ಮಕ್ಕಳು ಎಷ್ಟು?"

"ಒಂದು," ಎಂದ. ಆ ಒಂದು ಸರಿಯೇ ಎಂದು ತನ್ನಲ್ಲೇ ಕೇಳಿಕೊಂಡ. ಬೆವರು ಒರೆಸಿಕೊಂಡ.

ಮಡುವಿಗೆ ಬಂದಾಗ ಎರಡೂವರೆ. ಕಾಡಿನ ನಡುವೆ ನೆಲ ಒಮ್ಮೆಲೇ ಬಾಯಿ ತೆರೆದ ಜಾಗ ಅದು. ಮೇಲೆ ಬಾವಿಯಷ್ಟೇ ಅಗಲದ ತೂತು, ಅದರಿಂದ ಇಳಿಬಿದ್ದ ಬೇರುಗಳು. ಒಳಗೆ ಇಳಿದರೆ ಇಗರ್ಜಿಯಷ್ಟು ದೊಡ್ಡ ಗುಹೆ, ಗುಹೆಯ ತುಂಬ ನೀಲಿ ನೀರು. ಮರದ ಏಣಿ ಇಳಿದು ಬಂದರೆ ನೀರಿಗೆ ತಾಗಿಕೊಂಡು ಹಲಗೆಯ ಕಟ್ಟೆ. ತಳ ಯಾರಿಗೂ ಸಿಕ್ಕಿಲ್ಲ ಎಂದು ಅವನು ಹೇಳುತ್ತಿದ್ದ. ಅಳತೆ ಅವನಿಗೆ ಗೊತ್ತಿತ್ತು. ಆದರೆ ಅಳತೆ ಹೇಳಿದರೆ ಜನರ ಮುಖ ಇಳಿಯುತ್ತಿತ್ತು.

ಎಲ್ಲರೂ ಕಿತ್ತಳೆ ಬಣ್ಣದ ತೇಲಂಗಿ ತೊಟ್ಟು ಕಿರುಚುತ್ತ ನೀರಿಗಿಳಿದರು.

"ಆ ಹೆಸರು ಕೂಗೋದು ಯಾವಾಗ?" ಎಂದು ನೀರಿನಿಂದಲೇ ಕೇಳಿದರು ಸೆನ್ಯೋರಾ ಅಂಪಾರೊ. "ನಿಮ್ಮ ಪ್ರವಾಸದ ಕಾಗದದಲ್ಲಿ ಬರೆದಿದೆ."

"ಕೊನೇಲಿ. ಮೂರೂಕಾಲಿಗೆ ಬಿಸಿಲು ಆ ತೂತಿಂದ ನೇರ ನೀರಿಗೆ ಬೀಳತ್ತೆ. ಆಗ. ನಾನ್ ಏನ್ ಕೂಗಿದ್ರೂ ನೀವು ಹಿಂದೇನೇ ಕೂಗ್ಬೇಕು. ಅರ್ಥ ಕೇಳೋ ಹಾಗಿಲ್ಲ."

"ಯಾರ ಹೆಸರು?"

"ಸಾಸಿಲ್. ಬೆಳಕು ಅಂತ ಅರ್ಥ."

"ಎಷ್ಟು ಚೆನ್ನಾಗಿದೆ! ನಿಮ್ಮ ಮಗಳ ಹೆಸರಾ?"

"ಸುಮ್ನೆ ಒಂದು ಹೆಸರು," ಎಂದ. "ಉದಾಹರಣೆಗೆ."

ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಏಣಿ ಹತ್ತಿ ಮೇಲೆ ಬಂದ.

ಮೇಲೆ, ತೂತಿನಿಂದ ಹತ್ತು ಹೆಜ್ಜೆ ದೂರದ ಚಪ್ಪರದಲ್ಲಿ, ತೇಲಂಗಿ ಬಾಡಿಗೆಗೆ ಕೊಡುವ ಬಸಿಲಿಯಜ್ಜಿ ಕುಂಬಳಬೀಜ ಸುಲಿಯುತ್ತಿದ್ದಳು. ಅವನ ಹದಿನೆಂಟು ಪುಟಗಳಲ್ಲಿ ಅವಳು 'ಮಾಹಿತಿ ನೀಡಿದವರು, ಸಂಖ್ಯೆ ಏಳು'.

"ಮಗು ಹೆಂಗೈತೆ?"

"ಹಾಗೇ."

"ನಿನ್ನೆ ಬೆಳಿಗ್ಗೆ ಎಲ್ಸಿ ಬಂದಿದ್ಲು."

"ಇಲ್ಲಿಗಾ? ನನಗೆ ಹೇಳಲಿಲ್ಲ."

"ನಿಂಗೆ ಹೇಳಿದ್ರೆ ಬರ್ಕೊಂತೀಯ," ಎಂದಳು ಅಜ್ಜಿ. "ಇಲ್ಲೇ ದಡದ ಮೇಲೆ ನಿಂತು ಗಂಟಲು ಹರ್ಕೊಂಡು ಕರೆದ್ಲು ಪಾಪ. ಬರಲಿಲ್ಲ. ಹೆಂಗೆ ಬಂದಾತು? ಒಬ್ರು ಮೇಲಿಂದ ಕರೆದ್ರೆ, ಇನ್ನೊಬ್ರು ಕೆಳಗಿಂದ ಕರೆದ್ರೆ ಕೂಸು ಯಾವ ಕಡಿಗೆ ಹೋಗ್ಬೇಕು?"

"ಕೆಳಗಿಂದ ಯಾರು ಕರೀತಾರೆ?"

ಅಜ್ಜಿ ಬೀಜ ಸುಲಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ದಿನಾ ಎಲ್ಲಿ ನಿಂತ್ಕೊಂಡು ಕೂಗ್ತೀಯ ನೀನು?"

"ಕೆಳಗೆ. ಹಲಗೆ ಮೇಲೆ."

"ಯಾಕೆ?"

"ಅಲ್ಲಿ ದನಿ ಚೆನ್ನಾಗಿ ತಿರುಗಿ ಬರತ್ತೆ. ಫೋಟೋಗೆ ಬೆಳಕೂ…"

"ಯಾರ ಹೆಸರು ಕೂಗ್ತೀಯ?"

ಅವನು ಮೊದಮೊದಲು ಯಾವುದೋ ಒಂದು ಹೆಸರು ಕೂಗುತ್ತಿದ್ದ. ಸಾಸಿಲ್ ಹುಟ್ಟಿದ ವಾರ, ಹೆಮ್ಮೆಗೆ, ಅವಳ ಹೆಸರು ಕೂಗಿದ್ದ. ಜನ ಮೆಚ್ಚಿದರು. ಹಾಗೇ ಉಳಿಯಿತು.

"ನಾಲ್ಕು ವರ್ಷ ನೀರ ಪಕ್ಕ ನಿಂತು ಬಾ, ಬಾ ಅಂದೆ," ಎಂದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ. "ಸಣ್ಣ ಕೂಸು, ದಾರಿ ಗೊತ್ತಿರಲಿಲ್ಲ. ಮೂರು ವಾರದ ಹಿಂದೆ ನೀನೇ ಕರ್ಕೊಂಬಂದು ದಾರಿ ತೋರಿಸ್ದೆ."

ಗಾಸ್ಪರನಿಗೆ ಎಲ್ಸಿಯ ಮಾತು ನೆನಪಾಯಿತು. ಮೂರೂಕಾಲು. ಸೋಮವಾರ ಬಿಟ್ಟು. ಊರಿನಲ್ಲಿ ಒಂದು ಜೋಲಿಯಿಂದ ಮೇಲೇಳುವ ತಲೆ. ತಾನು ಇದನ್ನು ಪರಿಶೀಲಿಸಬೇಕು, ಇದಕ್ಕೆ ಬೇರೆ ಕಾರಣಗಳಿರಬಹುದು ಎಂದು ಓದಿದ ಮನಸ್ಸು ಹೇಳಿತು. ಅದರ ದನಿ ಬಹಳ ದೂರದಲ್ಲಿತ್ತು. ಮಡುವಿನ ಅಂಚಿನಿಂದ ಕರೆಯಬೇಕು ಎಂದು ತಾನೇ ಬರೆದಿದ್ದ. ಅಂಚು ಎಂದರೆ ಮೇಲಿನದು ಎಂದು ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಪ್ರತಿಧ್ವನಿಗಾಗಿ ಅದನ್ನು ಕೆಳಗಿಳಿಸಿದವನು ಅವನೇ.

"ಅಜ್ಜಿ, ಈಗ ನಾನು ಏನು ಮಾಡ್ಲಿ?"

ಕೈಯಲ್ಲಿ ಪೆನ್ನಿಲ್ಲದೆ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

"ನೀನು ಕಟ್ಟಿದ ಗಂಟು, ನೀನೇ ಬಿಚ್ಚು. ದಡಕ್ಕೆ ಹೋಗು. ನೀರಿಗೆ ಬೆನ್ನು ಹಾಕಿ ನಿಲ್ಲು. ಅಪ್ಪ ಕರ್ದಂಗೆ ಕರಿ, ಆಟ ಆಡ್ಸೋರು ಕರ್ದಂಗಲ್ಲ. ಕರೆದ ಮೇಲೆ ಹಿಂದಕ್ಕೆ ನೋಡಬೇಡ, ಸೀದಾ ಮನೆಗೆ ನಡಿ. ಹಿಂದೇನೇ ಬರ್ತಾಳೆ."

"ಇವರನ್ನೆಲ್ಲ ಇಲ್ಲೇ ಬಿಟ್ಟಾ?"

"ಇವರ ಜೀವಕ್ಕೇನಾಗೈತೆ? ಗುಂಡುಕಲ್ಲು ಇದ್ದಂಗಿದಾರೆ."

"ನಾಳೆ ಬರ್ತೀನಿ. ಒಬ್ಬನೇ."

"ನಾಳೆ?" ಅಜ್ಜಿ ಮತ್ತೆ ಬೀಜ ಸುಲಿಯತೊಡಗಿದಳು. "ಎದೆ ನೋಡಿದೀಯ ಅವಳದ್ದು? ಉಸಿರು ಹೆಂಗೆ ಮೇಲ್ಮೇಲೆ ಆಡ್ತೈತೆ? ಬಿಟ್ಟು ಬಹಳ ದಿನ ಆತು, ಗಾಸ್ಪರ್. ಮನೆ ಖಾಲಿ ಇದ್ರೆ ಗೋಡೆ ಬೀಳ್ತೈತೆ."

ಅವನು ನೋಡಿದ್ದ. ಯಾರಿಗೂ ಹೇಳಿರಲಿಲ್ಲ.

ದಡಕ್ಕೆ ಹೋದ. ಬಿಸಿಲು ತೂತಿನ ಅಂಚಿಗೆ ಬಂದಿತ್ತು. ನೀರಿಗೆ ಬೆನ್ನು ಹಾಕಿ ಕಾಡಿಗೆ ಮುಖ ಮಾಡಿ ನಿಂತ. ಕಾಡಿನಲ್ಲಿ ಯಾರೂ ಇರಲಿಲ್ಲ. ಆದರೂ ಯಾರೋ ಹಲ್ಲು ಕಿರಿಯುತ್ತಿದ್ದಾರೆ ಅನ್ನಿಸಿತು.

ಬಾಯಿ ತೆರೆದ. "ಕೋತೆನ್, ಸಾಸಿಲ್." ಹೊಟ್ಟೆಯಿಂದ ಏರಿ, ಕೊನೆಯಲ್ಲಿ ಸ್ವಲ್ಪ ನಡುಗಿಸುವ ಆ ದನಿ. ಹನ್ನೊಂದು ವರ್ಷ ತಿದ್ದಿ ತೀಡಿದ ದನಿ. ಇದಲ್ಲ. ಇದಕ್ಕೆ ಯಾವ ಮಗು ಓಗೊಟ್ಟೀತು? ಅವಳಿಗೆ ಹಲ್ಲು ಬಂದಾಗ, ಅವಳು ಬಿದ್ದಾಗ, ಬಾಗಿಲ ಹಿಂದೆ ಅಡಗಿದಾಗ ತಾನು ಹೇಗೆ ಕರೆಯುತ್ತಿದ್ದೆ? ನೆನಪಾಗಲಿಲ್ಲ. ಮನೆಯಲ್ಲಿ ಅವನು ಸ್ಪ್ಯಾನಿಷಿನಲ್ಲಿ ಮಾತಾಡುತ್ತಿದ್ದ, ಕಡಿಮೆ ಮಾತಾಡುತ್ತಿದ್ದ. ತಾಯಿನುಡಿಯನ್ನು ಅವನು ಬಳಸುತ್ತಿದ್ದದ್ದು ಈ ಮಡುವಿನಲ್ಲಿ ಮಾತ್ರ, ಟಿಕೆಟ್ಟು ಕೊಂಡವರಿಗೆ.

ಕಣ್ಣು ಮುಚ್ಚಿದ. ಟವೆಲ್ಲಿನ ಒಳಗಿನ ಒದ್ದೆ ಭಾರ ನೆನಪಾಯಿತು. ಅವಳ ಕೂದಲಿನ ಸುಣ್ಣಕಲ್ಲಿನ ನೀರಿನ ವಾಸನೆ. ಅವತ್ತು ನುಂಗಿದ ಆ ಮಾತು ಎಲ್ಲಿ ಸಿಕ್ಕಿಕೊಂಡಿತ್ತೋ ಅಲ್ಲಿಂದ ಈಗ ಕಿತ್ತುಕೊಂಡು ಬಂತು. ಒಡೆದು, ಕರ್ಕಶವಾಗಿ, ಅಳುವಿನಂತೆ.

"ಕೋತೆನ್, ಸಾಸಿಲ್! ಕೋತೆನ್!"

ಚಪ್ಪರದಲ್ಲಿ ಅಜ್ಜಿಯ ಕೈ ನಿಂತಿತು. ಗಾಳಿ ನಿಂತಿತು. ಅವನ ಬೆನ್ನ ಹಿಂದೆ, ತೀರ ಹತ್ತಿರದಲ್ಲಿ, ಒದ್ದೆ ಪಾದವೊಂದು ಕಲ್ಲಿನ ಮೇಲೆ ಊರಿದಂತೆ ಸಣ್ಣ ಸದ್ದಾಯಿತು. ಅವನು ತಿರುಗಲಿಲ್ಲ. ಮನೆಯ ಕಡೆಗೆ ಒಂದು ಹೆಜ್ಜೆ ಇಟ್ಟ.

"ಕೋತೆನ್, ಸಾಸಿಲ್!"

ಹದಿಮೂರು ಬಾಯಿ, ಒಟ್ಟಿಗೆ. ಕೆಳಗಿನಿಂದ.

ಗುಹೆ ಆ ಕೂಗನ್ನು ಹಿಡಿದು ಇಮ್ಮಡಿ ಮಾಡಿತು. ಮತ್ತೆ ಕೂಗಿದರು. ಮೂರೂಕಾಲಾಗಿತ್ತು. ಹೇಳಿಕೊಟ್ಟದ್ದನ್ನು ಯಾರೂ ಮರೆತಿರಲಿಲ್ಲ. ಹಿಂದೆ ನೋಡಬಾರದೆಂಬುದನ್ನು ಮರೆತವನು ಅವನೊಬ್ಬನೇ. ಓಡಿ ಬಂದು ದಡದಿಂದ ಬಗ್ಗಿದ. ದಡದ ಮೇಲೆ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಅಂಗೈಯಗಲ ಒದ್ದೆಯಿತ್ತು. ಅದು ಬಿಸಿಲಿಗೆ ಆರುತ್ತಿತ್ತು.

"ಮಾ!" ಎಂದು ಚೀರಿದ. ಮಾ ಎಂದರೆ ಬೇಡ. ಎಷ್ಟೋ ವರ್ಷಗಳ ಮೇಲೆ, ಯಾರಿಗೂ ಅರ್ಥ ಹೇಳುವ ಉದ್ದೇಶವಿಲ್ಲದೆ, ಅವನ ಬಾಯಿಂದ ತಾನಾಗಿ ಹೊರಟ ತಾಯಿನುಡಿಯ ಮಾತು.

"ಮಾ!" ಎಂದು ಹದಿಮೂರು ಜನ ಕೂಗಿದರು. ಅದೂ ಪಾಠದಲ್ಲಿದೆ ಎಂದುಕೊಂಡು.

ಅವನು ಎರಡೂ ಕೈ ಎತ್ತಿ ಜೋರಾಗಿ ಆಡಿಸಿದ. ತಾಳ ಹಾಕುತ್ತಿದ್ದಾನೆಂದು ಅವರು ತಾಳಕ್ಕೆ ಸರಿಯಾಗಿ ಮತ್ತೆ ಶುರುಮಾಡಿದರು. ಬೆಳಕಿನ ಕಂಬ ನೇರ ನೀರಿಗೆ ಇಳಿದಿತ್ತು. ಅದರ ಸುತ್ತ ಕಿತ್ತಳೆ ಬಣ್ಣದ ತೇಲಂಗಿಗಳಲ್ಲಿ ಅವರು ಹೂಮಾಲೆಯಂತೆ ತೇಲುತ್ತ, ಮುಖ ಮೇಲೆತ್ತಿ, ನಗುತ್ತ, ತೋಳು ಚಾಚಿದ್ದರು. ಎಲ್ಲರಿಗಿಂತ ಮುಂದೆ ಸೆನ್ಯೋರಾ ಅಂಪಾರೊ. ಮೂವತ್ತು ವರ್ಷ ಅಳುವ ಮಕ್ಕಳನ್ನು ಬಾಗಿಲಲ್ಲಿ ನಿಂತು ಒಳಗೆ ಕರೆದುಕೊಂಡಿದ್ದ ದನಿ ಅವರದು. ಬಾ ಪುಟ್ಟಿ, ಬಾ. ಅವರು ಎಷ್ಟು ಪ್ರೀತಿಯಿಂದ ಕರೆಯುತ್ತಿದ್ದರೆಂದರೆ, ಯಾವ ಮಗುವಾದರೂ ಹೋಗುತ್ತಿತ್ತು.