ಇಬ್ಬರಿಗೂ ಒಂದೇ ಸ್ವಾಪ್

ಎಂಟರ್ ಒತ್ತಿಯೇಬಿಟ್ಟ. ಒತ್ತಿದ ಮೇಲೆ ಚನ್ನು ಬೆರಳನ್ನು ಹಿಂದಕ್ಕೆಳೆದುಕೊಂಡ. ಮೊದಲೇ ಎಳೆದುಕೊಂಡಿದ್ದರೆ ಮನುಷ್ಯ ಅನ್ನಬಹುದಿತ್ತು.

ಬೆನ್ಸನ್ ಟೌನಿನ ಆ ಬಾಡಿಗೆ ಮನೆಯಲ್ಲಿ ಗಂಡಹೆಂಡತಿಗೆ ಒಂದೇ ಕಂಪ್ಯೂಟರು. ಜಗಳ ಬೇಡವೆಂದು ಅವನೇ ಡಿಸ್ಕನ್ನು ಪಾಲು ಮಾಡಿ ಕಂಪ್ಯೂಟರು ನಡೆಸುವ ಲಿನಕ್ಸನ್ನು ಎರಡು ಸಲ ಹಾಕಿದ್ದ, ತನಗೊಂದು, ಪೂಜಿತಾಗೊಂದು. ಕಂಪ್ಯೂಟರು ಕೆಲಸವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸ್ವಾಪ್ ಜಾಗ ಮಾತ್ರ ಇಬ್ಬರಿಗೂ ಸೇರಿ ಒಂದೇ. ಹೈಬರ್ನೇಟ್ ಮಾಡಿದರೆ, ಅಂದರೆ ಏನನ್ನೂ ಮುಚ್ಚದೆ ಕಂಪ್ಯೂಟರನ್ನು ಮಲಗಿಸಿದರೆ, ತೆರೆದಿಟ್ಟ ಕೆಲಸವೆಲ್ಲ ಹೋಗಿ ಅಲ್ಲಿ ಕೂರುತ್ತದೆ. ಆಗ ಇನ್ನೊಬ್ಬರು ಅದನ್ನು ಮುಟ್ಟಬಾರದು. ಈ ನಿಯಮ ಹೇಳಿಕೊಟ್ಟ ಮಹಾನುಭಾವನೂ ಅವನೇ.

ಪೂಜಿತಾ ಮನೆಗಳ ನಕ್ಷೆ ಬರೆಯುವವಳು. ಸೇವ್ ಮಾಡುವ ಅಭ್ಯಾಸವೇ ಇಲ್ಲ. ಹೈಬರ್ನೇಟ್ ಒತ್ತಿ ಎದ್ದು ಹೋಗುವುದು, ಬಂದು ಬಿಟ್ಟಲ್ಲಿಂದ ಮುಂದುವರಿಸುವುದು. ಇವತ್ತೂ ಹಾಗೇ ಬಿಟ್ಟು ಶಿವಾಜಿನಗರಕ್ಕೆ ನಕ್ಷೆ ಅಂಟಿಸುವ ರಟ್ಟು ತರಲು ಹೋಗಿದ್ದಳು. ಸಂಜೆ ಇಂದಿರಾನಗರದ ಆಫೀಸೊಂದರಲ್ಲಿ ನಕ್ಷೆ ತೋರಿಸಬೇಕು. ಮೆಚ್ಚಿದರೆ ಕೆಲಸ. ಕೆಲಸ ಸಿಕ್ಕರೆ ಒಬ್ಬಳೇ ಬೇರೆ ಮನೆ ಮಾಡಿಕೊಂಡು ಹೋಗುತ್ತೇನೆಂದು ನಿನ್ನೆ ಊಟಕ್ಕೆ ಕೂತಾಗ ಹೇಳಿದ್ದಳು. ಉಪ್ಪು ಕೇಳಿದಷ್ಟು ಸಲೀಸಾಗಿ!

ಅವಳು ಅತ್ತಿದ್ದರೆ ಅವನು ಸಹಿಸುತ್ತಿದ್ದ. ಆ ಸಲೀಸೇ ಅವನ ಹೊಟ್ಟೆ ಉರಿಸಿತು.

ಅದಕ್ಕೇ ಈಗ ತನ್ನ ಲಿನಕ್ಸ್ ತೆರೆದು, ಸ್ವಾಪನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ, ಅಲ್ಲಿದ್ದ ಅವಳ ಕೆಲಸವನ್ನೆಲ್ಲ ಅಳಿಸಿದ್ದ. ಯಾರದೋ ಕತ್ತು ಹಿಸುಕಿದಷ್ಟು ಹಿತವಾಯಿತು.

ಪೂಜಿತಾ ಬಂದಳು. ರಟ್ಟನ್ನು ಗೋಡೆಗೊರಗಿಸಿ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ತನ್ನ ಲಿನಕ್ಸಿಗೆ ಹೋದಳು. ಪರದೆ ಖಾಲಿ.

"ನನ್ನ ನಕ್ಷೆ ಎಲ್ಲಿ?"

"ಸೇವ್ ಮಾಡ್ಕೋಬೇಕಿತ್ತಪ್ಪ."

"ಸ್ವಾಪ್ ಮುಟ್ಟಿದ್ಯಾ?"

"ಕರೆಂಟ್ ಹೋಗಿತ್ತೇನೋ."

"ಕರೆಂಟ್ ಹೋದ್ರೂ ಏನೂ ಆಗಲ್ಲ ಅಂತ ನೀನೇ ಹೇಳಿದ್ದೆ."

ಅವಳು ಅವನ ಕೆನ್ನೆಗೆ ಬಾರಿಸಿದಳು. ಅವನು ಜುಟ್ಟು ಹಿಡಿದು ಗೋಡೆಗೆ ನೂಕಿದ. ಅವಳ ತುಟಿ ಒಡೆದು ರಕ್ತ ಬಂತು. ಅಯ್ಯೋ ಅನ್ನಬೇಕೆಂದುಕೊಂಡ. ಬಾಯಿಗೆ ಬಂದದ್ದು ಬೇರೆ.

"ಹೋಗು ಈಗ, ಇಂದಿರಾನಗರಕ್ಕೆ!"

ಅವಳು ಕಂಪ್ಯೂಟರನ್ನು ಒದ್ದು ಉರುಳಿಸಿದಳು. ಅದರ ಪಕ್ಕದ ತಗಡು ಕಳಚಿ ಬಿತ್ತು. ಅಡುಗೆಮನೆಯಿಂದ ಸುತ್ತಿಗೆ ತಂದು ಎದುರಿಗೆ ನಿಂತಳು.

"ಪಾಲು ಮಾಡಿದ್ಯಲ್ಲ, ನನ್ನ ಪಾಲು ಯಾವುದು ತೋರ್ಸು. ಅದನ್ನಷ್ಟೇ ಒಡೀತೀನಿ."

ಒಳಗೆ ಅಂಗೈಯಗಲದ ಡಿಸ್ಕು. ಅವನು ಬಗ್ಗಿ ನೋಡಿದ. ತನ್ನದು ಎಲ್ಲಿ ಮುಗಿದು ಅವಳದು ಎಲ್ಲಿ ಶುರುವಾಗುತ್ತದೋ ಹೊರಗಿನಿಂದ ಏನೂ ಕಾಣಲಿಲ್ಲ. ಅದರ ಮೇಲೆ ಕೈಯಿಟ್ಟ. ಇನ್ನೂ ಬಿಸಿಯಿತ್ತು.

"ಕೈ ತೆಗಿ."

"ನಂದೂ ಇದೆ ಇದ್ರಲ್ಲಿ."

"ಗೊತ್ತು. ತೆಗಿ."

ಸುತ್ತಿಗೆ ಮೇಲೆದ್ದಿತು. ಚನ್ನು ಕೈ ತೆಗೆಯಲಿಲ್ಲ; ಇಡೀ ಡಿಸ್ಕು ಮುಚ್ಚುವ ಹಾಗೆ ಬೆರಳುಗಳನ್ನು ಇನ್ನಷ್ಟು ಅಗಲಿಸಿದ.