ಮೆಟ್ಟಿಲಲ್ಲಿ ಇಳಿದವನು

"ಏಯ್, ಮೈ ಒರಸು ಅಂದ್ರೆ ದನ ತೊಳ್ದಂಗೆ ತೊಳೀತೀಯಲ್ಲೇ! ಅದೇನ್ ಕೈಯೋ, ತೆಂಗಿನ ನಾರೋ?"

ಬೈಯುತ್ತಿದ್ದವರು ಇಂದಿರಾನಗರದ ಒಂದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು. ಹಾರ್ಟ್ ಅಟ್ಯಾಕ್ ಆಗಿ ಎದೆ ಸೋತಿದ್ದರೂ ನಾಲಿಗೆ ಸೋತಿರಲಿಲ್ಲ. ಅವರ ಆರೈಕೆಗೆ ಬಂದಿದ್ದ ಅಮೃತಮ್ಮ ಕಂಕುಳು ಒರೆಸಿದಳು, ಮಗ್ಗುಲಿಗೆ ತಿರುಗಿಸಿ ಹೇಲಿನ ಪ್ಯಾನು ತೆಗೆದಳು. ತಿಣುಕಲು ಬಿಡಬಾರದು, ದಣಿಸಬಾರದು, ಮೆಟ್ಟಿಲಂತೂ ಕೂಡದೇ ಕೂಡದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಹೋಮ್ ನರ್ಸಿಂಗ್ ಏಜೆನ್ಸಿಯವರು ಕಳಿಸಿದ ಮೊದಲ ದಿನ ಈ ಗೇಟು ಕಂಡೇ ಅವಳ ಕಾಲು ಹೂತುಹೋಗಿತ್ತು. ಇದೇ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದ ಅವಳ ಗಂಡ ಭೀಮು, ಹೋದ ವರ್ಷ ಏಳನೇ ಮಹಡಿಯಲ್ಲಿ ಎದೆ ಹಿಡಿದುಕೊಂಡಿದ್ದ. ಗ್ಯಾಸೆಂದು ಸೋಡಾ ಕುಡಿದ. ನೋವು ಬಿಡದೆ ಲಿಫ್ಟಿನ ಹತ್ತಿರ ಬಂದರೆ ಎದುರಿಗೆ ಅಧ್ಯಕ್ಷರು.

"ಕುಡ್ಕೊಂಡ್ ಬಂದವ್ನೆ ಬೋಳಿಮಗ! ಲಿಫ್ಟಿರೋದು ಓನರ್‌ಗಳಿಗೆ. ಮೆಟ್ಲಲ್ಲಿ ಇಳಿಯೋ!"

ಜೊತೆಗೆ ಬಣ್ಣ ಬಳಿಯುತ್ತಿದ್ದ ಬೈಲಪ್ಪ ಕಣ್ಣಾರೆ ಕಂಡು ಅವಳಿಗೆ ಹೇಳಿದ್ದು. ಮೂರನೇ ಮಹಡಿಯ ತಿರುವಿನಲ್ಲಿ ಭೀಮು ಕೂತ. ಮತ್ತೆ ಏಳಲಿಲ್ಲ.

ಆದರೂ ಮರ್ಫಿ ಟೌನಿನ ತನ್ನ ರೂಮಿನಲ್ಲಿ ಒಲೆ ಉರಿಯಬೇಕಲ್ಲ. ಸೆರಗು ಬಿಗಿದು ಬಂದಳು. ಅಧ್ಯಕ್ಷರ ಮನೆಗೆ ದಿನಾ ಮೆಟ್ಟಿಲು ಹತ್ತುವಾಗ ಆ ತಿರುವಿನಲ್ಲಿ ಯಾರೋ ಏದುಸಿರು ಬಿಡುವುದು ಕೇಳುತ್ತಿತ್ತು. ಅಲ್ಲಿ ಕೂತವನಿಗೆ ಕಾಲು ತಗಲದಂತೆ ಗೋಡೆಗೆ ಒತ್ತಿಕೊಂಡು ದಾಟುತ್ತಿದ್ದಳು.

ಅಂದು ಅಧ್ಯಕ್ಷರನ್ನು ಚೆಕಪ್ಪಿಗೆ ಒಯ್ಯಬೇಕಿತ್ತು. ಅಮೃತಮ್ಮ ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಅಧ್ಯಕ್ಷರ ಸೊಸೆ ಲಿಫ್ಟಿನ ಬಟನ್ ಒತ್ತಿದಳು.

"ಚೇರ್ ನಾನ್ ಹಿಡ್ಕೋತೀನಿ. ನೀನ್ ಮೆಟ್ಲಲ್ಲಿ ಬಾ."

ಅಮೃತಮ್ಮ ಕುರ್ಚಿಯನ್ನು ಹಿಮ್ಮುಖವಾಗಿ ಎಳೆದುಕೊಂಡು ತಾನೇ ಒಳಗೆ ಹೋದಳು. ಮುಂದಿನ ಗಾಲಿ ಹೊಸ್ತಿಲ ಮೇಲಿರುವಾಗಲೇ ಬ್ರೇಕು ಹಾಕಿದಳು.

"ಏಯ್, ಆಚೆ ಬಾರೇ! ಕೊಬ್ಬಾ ನಿಂಗೆ?" ಸೊಸೆ ಹೊರಗಿನಿಂದ ಕೂಗಿದಳು.

"ಇಳದ್ರ ಇದ್ರಾಗ ಇಳೀತೀನ್ರೀ. ಇಲ್ಲಾಂದ್ರ ಸಾಹೇಬ್ರನ್ನೂ ಮೆಟ್ಲಾಗ ಇಳಸ್ರಿ. ನಮ್ ಭೀಮು ಇಳದಂಗ."

"ಯಾವ ಭೀಮು?" ಎಂದರು ಅಧ್ಯಕ್ಷರು.

"ಕುಡ್ಕ ಬೋಳಿಮಗ ಅಂದಿದ್ರಲ್ರೀ, ಆಂವ. ಬರೇ ಸೋಡಾ ಕುಡದಿದ್ದ."

ಅಧ್ಯಕ್ಷರ ಕೈ ಮೆಲ್ಲಗೆ ಎದೆಗೆ ಹೋಯಿತು. ಲಿಫ್ಟಿನ ಬಾಗಿಲು ಮುಚ್ಚಲು ಬಂದು, ಗಾಲಿಗೆ ಬಡಿದು ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಬಡಿಯಿತು. ಸೊಸೆ ಕಿರುಚುತ್ತಲೇ ಇದ್ದಳು.

ಆ ತಿರುವಿನ ಏದುಸಿರು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ಅಮೃತಮ್ಮ ಲಿಫ್ಟಿನೊಳಗೆ ಇನ್ನೊಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ಸರಿದು ನಿಂತಳು.