ಅಂಗೈ ಮರೆಯ ಮುಖ

ನರಿನ್ ಎಂಬ ಬೆಟ್ಟದ ಹೊಳೆಯ ದಂಡೆಯ ಕಾಲೇಜಿನಲ್ಲಿ ಅಂದು ಕಂಪ್ಯೂಟರ್ ಪರೀಕ್ಷೆ. ಕಿಟಕಿಯಾಚೆ ಪಾಪ್ಲರ್ ಮರಗಳ ಅರಳೆ ಸದ್ದಿಲ್ಲದೆ ಉದುರುತ್ತಿತ್ತು, ಹಿಮವೇ ದಾರಿ ತಪ್ಪಿ ಬೇಸಿಗೆಗೆ ಬಂದಂತೆ. ಬೆಗಾಯಿಮ್ ಪರದೆಯ ಮುಂದೆ ಕೂತು ಚಿತ್ರಗಳನ್ನು ಒಂದು ಕಡೆಗೆ, ಪತ್ರಗಳನ್ನು ಇನ್ನೊಂದು ಕಡೆಗೆ ಬೇರ್ಪಡಿಸುತ್ತಿದ್ದಳು. ಸಂಜೆ ಮಂದೆ ಬಂದಾಗ ಮರಿಗಳನ್ನು ತಾಯಂದಿರಿಂದ ಬಿಡಿಸಿ ಬೇರೆ ದೊಡ್ಡಿಗೆ ಹೊಡೆಯುವ ಕೆಲಸವೂ ಇಂಥದ್ದೇ ಅನ್ನಿಸಿತು ಅವಳಿಗೆ. ಅಲ್ಲಿ ಧೂಳೂ ಅರಚಾಟವೂ ಇರುತ್ತಿದ್ದವು. ಇಲ್ಲಿ ಎಲ್ಲ ಮೌನ, ನೀರೊಳಗೆ ನಡೆದಂತೆ.

ಒಳಗೆ ಬರುವ ಮುಂಚೆ ಗೆಳತಿ ಚೋಲ್ಪನ್ ರೇಗಿಸಿದ್ದಳು. "ಲೇ, ಮೌಸನ್ನ ಅಷ್ಟು ಬಿಗಿಯಾಗಿ ಹಿಡೀಬೇಡ್ವೇ. ಅದೇನು ಹಾಲು ಕರೆಯೋಕೆ ಹಿಡ್ಕೊಂಡ ನಿಮ್ಮೂರ ಹೆಣ್ಣುಗುದುರೇನಾ?"

ಬಿಗಿ ಹಿಡಿಯದೆ ಇರುವುದು ಹೇಗೆ? ಅವಳ ಊರು ಮೇಲೆ, ಕಣಿವೆಯ ಕೊನೆಯಲ್ಲಿದೆ. ಅಲ್ಲಿನ ಒಂದೇ ಕೋಣೆಯ ಶಾಲೆಗೆ ಚಳಿಗಾಲದಿಂದ ಟೀಚರ್ ಇಲ್ಲ. ಸೆಪ್ಟೆಂಬರಿಗೆ ಯಾರೂ ಬರದಿದ್ದರೆ ಬೀಗ ಹಾಕಿ, ಆರು ವರ್ಷದ ಕೂಸುಗಳನ್ನೂ ಪೇಟೆಯ ಹಾಸ್ಟೆಲಿಗೆ ಸಾಗಿಸುತ್ತಾರಂತೆ. ಆ ಟೀಚರ್ ಕೆಲಸ ಬೆಗಾಯಿಮ್‌ಗೇ ಎಂದು ಮಾತಾಗಿತ್ತು. ಆದರೆ ಕಂಪ್ಯೂಟರ್ ಬರುತ್ತದೆ ಎಂಬ ಪ್ರಮಾಣಪತ್ರ ಬೇಕು, ಮುಂದಿನ ಪರೀಕ್ಷೆ ಹಿಮ ಬಿದ್ದ ಮೇಲೆ.

ಪರೀಕ್ಷೆ ನಡೆಸುವ ತೊಕ್ತೊಸುನ್ ಮೇಷ್ಟ್ರನ್ನು ಹುಡುಗಿಯರೆಲ್ಲ ಅಲ್ಲಿನ ವಾಡಿಕೆಯಂತೆ ಅಗಾಯ್, ಅಂದರೆ ಗುರುಗಳೇ, ಎನ್ನುತ್ತಿದ್ದರು. ಪರದೆಯ ನೆತ್ತಿಯ ಮೇಲಿನ ಕ್ಯಾಮೆರಾ ತೋರಿಸಿ ಅವರು ಮೊದಲೇ ಹೇಳಿದ್ದರು: "ಮುಖ ಒಂದು ಗಳಿಗೇನೂ ಮರೆಯಾಗಬಾರದು, ತಾಯಿ. ಇದರ ಕಣ್ಣು ನಿಮ್ಮ ಮುಂದಿನ ಅತ್ತೆಯಂದಿರ ಕಣ್ಣಿಗಿಂತ ಚೂಪು!"

ಕೊನೆಯ ಪ್ರಶ್ನೆಯಲ್ಲಿ ಒಂದು ಅಂಕಪಟ್ಟಿ ಇತ್ತು. ಯಾರೋ ಕಟ್ಟಿದ ಹೆಸರುಗಳು, ಮುಖವಿಲ್ಲದ ಮಕ್ಕಳು. ಬೆಗಾಯಿಮ್ ಕೂಡುತ್ತ ಕೂಡುತ್ತ ಅವಕ್ಕೆಲ್ಲ ತನ್ನೂರಿನ ಮುಖಗಳನ್ನು ಕೊಟ್ಟಳು. ಕಡಿಮೆ ಅಂಕದವನು ಮುಂದಿನ ಹಲ್ಲು ಬಿದ್ದ ಎರ್ಮೆಕ್. ಮೇಲಿನವಳು ಒಲೆಯ ಹತ್ತಿರವೇ ಕೂರುವ ಆಯ್ತುರ್ಗನ್. ಮಕ್ಕಳು ಚೌಕದಿಂದ ಚೌಕಕ್ಕೆ ನಡೆದು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಒಟ್ಟು ಸರಿಬಂತು, ಸರಾಸರಿಯೂ ಬಂತು. ಇನ್ನು ಒಪ್ಪಿಸುವ ಗುಂಡಿ ಒತ್ತುವುದೊಂದೇ ಬಾಕಿ.

ಆ ಬೆಟ್ಟಗಳಲ್ಲಿ ಉಂಡೆದ್ದರೂ, ಉಣ್ಣೆ ಕತ್ತರಿಸಿ ಮುಗಿದರೂ, ಸತ್ತವರನ್ನು ಮಣ್ಣಿಗೆ ಒಪ್ಪಿಸಿ ಬಂದರೂ ಅಂಗೈಗಳಿಂದ ಮುಖ ಸವರಿ ಆಮೀನ್ ಎನ್ನದೆ ಯಾರೂ ಕದಲುವುದಿಲ್ಲ. ಬೆಗಾಯಿಮ್‌ಳ ಕೈಗಳು ಅವಳನ್ನು ಕೇಳಲೇ ಇಲ್ಲ. ಅಂಗೈಗಳು ತೆರೆದುಕೊಂಡವು, ಮೇಲೆದ್ದವು, ಹಣೆಯಿಂದ ಗದ್ದದವರೆಗೆ ಮೆಲ್ಲಗೆ ಇಳಿದವು.

"ಆಮೀನ್."

ಕಣ್ಣು ತೆರೆದರೆ ಪರದೆ ಬೂದಿಯ ಬಣ್ಣಕ್ಕೆ ತಿರುಗಿತ್ತು. 'ಮುಖ ಕಾಣುತ್ತಿಲ್ಲ. ಪರೀಕ್ಷೆ ರದ್ದಾಗಿದೆ.' ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಗಾಯ್ ಓಡಿ ಬಂದರು, ಓದಿದರು, ಫೋನ್ ಎತ್ತಿದರು. ರಾಜಧಾನಿಯ ಕಚೇರಿಯಿಂದ ಒಂದು ಹುಡುಗಿಯ ದನಿ ಕೇಳಿತು. "ಮುಖ ಯಾಕೆ ಮುಚ್ಕೊಂಡ್ರು? ಅಂಗೈಯಲ್ಲಿ ಏನಾದ್ರೂ ಬರ್ಕೊಂಡಿದ್ರಾ?"

"ಆಮೀನ್ ಹೇಳಿದ್ಲು ಕಣಮ್ಮ."

ಆ ಕಡೆಯ ದನಿ ಮೆತ್ತಗಾಯಿತು. "ಅಯ್ಯೋ ಅಗಾಯ್... ಮುಚ್ಚಿಹೋದ ಪರೀಕ್ಷೇನ ತೆರೆಯೋಕೆ ನನ್ನ ಕೈಯಲ್ಲಾಗಲ್ಲ. ಹೊಸ ಪ್ರಶ್ನೆಪತ್ರಿಕೆ ಕೊಡಬಹುದು. ಈಗಲೇ ಕೂತರೆ ಮಾತ್ರ."

ಬೆಗಾಯಿಮ್ ತನ್ನ ಅಂಗೈಗಳನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಎಂಬಂತೆ.

"ಮತ್ತೆ ಅಷ್ಟನ್ನೂ ಮಾಡ್ಬೇಕಾ ಅಗಾಯ್? ಮಾಡಿದ್ರೂ ಕೊನೇಲಿ ಈ ಕೈ ಸುಮ್ನಿರುತ್ತಾ? ಆಮೀನ್ ಹೇಳ್ದೆ ಎದ್ರೆ, ಉಣ್ಣೋ ಹಾಸಿನ ಮೇಲೆ ಕಾಲಿಟ್ಟು ದಾಟಿದ ಹಾಗೆ."

ಅಗಾಯ್ ಪಕ್ಕದ ಕುರ್ಚಿ ಎಳೆದು ಕೂತರು. "ಮೊದಲು ಗುಂಡಿ ಒತ್ತು ಮಗಳೇ, ಆಮೇಲೆ ಹೇಳು. ದೇವರಿಗೇನೂ ಅವಸರ ಇಲ್ಲ. ಅವಸರ ಇರೋದೆಲ್ಲ ಈ ಡಬ್ಬಿಗೆ."

"ಕೈ ಎದ್ರೆ ನಾನು ಕೆಮ್ತೀನಿ ಬಿಡು," ಎಂದಳು ಚೋಲ್ಪನ್ ಬಾಗಿಲಿನಿಂದ. "ಕುರಿ ಕೆಮ್ಮಿದ ಹಾಗೆ."

"ನೀನು ಆಚೆ ನಡಿಯೇ, ನಿನ್ನ ಕುರಿ ಕೆಮ್ಮಿಗೂ ಇದು ಬಾಗಿಲು ಹಾಕೀತು!" ಎಂದು ಅಗಾಯ್ ಅವಳನ್ನು ಅಟ್ಟಿದರು.

ಎರಡನೆಯ ಸಲ ಬೆಗಾಯಿಮ್ ನಿದ್ದೆಯಲ್ಲಿ ನಡೆದವಳಂತೆ ನಡೆದಳು. ಪ್ರಶ್ನೆಗಳು ಬೇರೆ, ಮಂದೆ ಅದೇ. ಒಂದು ಕಡತ ಎಲ್ಲೋ ತಪ್ಪಿ ಹೋಯಿತು. ಹುಡುಕಿದಳು, ಸಿಗಲಿಲ್ಲ. ಕಳೆದ ಮರಿಯ ಹಿಂದೆ ಹೋದರೆ ಉಳಿದವೂ ಚದುರುತ್ತವೆ ಎಂದು ಅದನ್ನು ಅಲ್ಲೇ ಬಿಟ್ಟು ಮುಂದೆ ಹೋದಳು. ಈ ಸಲದ ಪಟ್ಟಿಯಲ್ಲಿ ಮಕ್ಕಳಿರಲಿಲ್ಲ, ಯಾವುದೋ ಅಂಗಡಿಯ ಸಾಮಾನಿತ್ತು. ಆದರೂ ಎರ್ಮೆಕ್ ಸಕ್ಕರೆ ಮೂಟೆಯ ಹಿಂದಿನಿಂದ ಹಲ್ಲಿಲ್ಲದ ನಗು ನಕ್ಕಂತಾಯಿತು.

ಮುಗಿಯಿತು. ಕೈಗಳು ಎದ್ದೇ ಬಿಟ್ಟವು, ಎದೆಯ ಮಟ್ಟಕ್ಕೆ. ಅಲ್ಲೇ ನಿಂತವು, ಬಾಗಿಲಲ್ಲಿ ನಿಂತ ಅತಿಥಿಯಂತೆ. ಬೆಗಾಯಿಮ್ ಅವುಗಳಲ್ಲಿ ಒಂದನ್ನು ನಯವಾಗಿ ಕೆಳಗಿಳಿಸಿ ಗುಂಡಿ ಒತ್ತಿಸಿದಳು.

ಪರದೆ ಯೋಚಿಸಿತು. 'ತೇರ್ಗಡೆ' ಎಂದಿತು.

ಅವಳು ಅಂಗಳಕ್ಕೆ ಬಂದು, ಊರಲ್ಲಿ ಶಾಲೆಯ ಬೀಗದ ಕೈ ಇಟ್ಟುಕೊಂಡಿದ್ದ ಸೋದರಮಾವನಿಗೆ ಫೋನ್ ಮಾಡಿದಳು.

"ಮಾವ, ಆಯ್ತು."

"ಏನಾಯ್ತು? ಜೋರಾಗಿ ಹೇಳು, ಗಾಳಿ!"

"ಪಾಸಾದೆ. ಶಾಲೆ ಮುಚ್ಚಲ್ಲ."

ಮುದುಕ ಗಂಟಲು ಸರಿಮಾಡಿಕೊಂಡು ಅಲ್ಲೇ, ಹುಲ್ಲುಗಾವಲಿನ ನಡುವೆಯೇ ಹಾರೈಕೆ ಶುರುಮಾಡಿದ. ನಿನ್ನ ದಾರಿ ತೆರೆದಿರಲಿ, ನಿನ್ನ ಒಲೆ ಆರದಿರಲಿ, ನಿನ್ನ ಮುಂದೆ ಕೂತ ಮಕ್ಕಳು ನಿನ್ನನ್ನು ಮೀರಿ ಬೆಳೆಯಲಿ... ಬೆಗಾಯಿಮ್ ಫೋನಿನ ಸ್ಪೀಕರ್ ಹಾಕಿ ಅದನ್ನು ಮಡಿಲಲ್ಲಿಟ್ಟು ಅಂಗೈ ಬಿಚ್ಚಿ ಕೂತಳು. ಮಾವನ ಹಾರೈಕೆ ಸುಲಭಕ್ಕೆ ಮುಗಿಯುವಂಥದ್ದಲ್ಲ. ಕುರಿ, ಕುದುರೆ, ಮಳೆ, ಹುಲ್ಲು ಎಲ್ಲವನ್ನೂ ಅವನು ಒಂದೊಂದಾಗಿ ಕರೆಯುತ್ತ ಹೋದ. ಕೊನೆಯ ಆಮೀನಿಗಾಗಿ ಅವಳು ಕಾದಳು.